ಮೂರು ದಿನ ಸುಮ್ಮನಿದ್ದರೆ

ಕಾರ್ಖಾನೆಯ ಮ್ಯಾನೇಜರ ಕೈಯಿಂದ ಹಾರ ಕಿತ್ತುಕೊಂಡ ಮಗಳು ಅದನ್ನು ಅಂಗಳದ ಬೆಂಚಿನ ಮೇಲೆ ಎಸೆದಳು.

“ಅಪ್ಪನ ಮೈಮೇಲೆ ಇದು ಬೇಡ. ಮೊದಲು ಉತ್ತರ ಕೊಡಿ.”

“ಇದು ಸಮಯವಲ್ಲಮ್ಮಾ,” ಚಿಕ್ಕಪ್ಪ ಅವಳ ತೋಳು ಹಿಡಿದರು.

“ಮತ್ತೆ ಯಾವಾಗ ಚಿಕ್ಕಪ್ಪಾ? ಅಪ್ಪನ್ನ ಕಳಿಸಿಕೊಟ್ಟ ಮೇಲಾ?”

ಬ್ರೆಡ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಹಿಟ್ಟು ಕಲಸುವ ವಿಭಾಗ ನೋಡಿಕೊಂಡಿದ್ದವರು ಅಪ್ಪ. ಹೋದ ವಾರ ಅಲ್ಲಿ ಒಬ್ಬನೇ ಯಂತ್ರ ತೊಳೆಯುತ್ತಿದ್ದ ಕೆಲಸಗಾರನ ಎರಡು ಬೆರಳು ಹೋಗಿದ್ದವು. ಬೆಳಗಿನಿಂದ ಹೆಣ ನೋಡಲು ಬಂದವರದು ಒಂದೇ ಪಿಸುಮಾತು: “ಒಬ್ಬನೇ ಸಾಕು ಅಂತ ಒಪ್ಪಿದ್ದು ಇವರೇ ಅಂತೆ.”

*

“ಇನ್ಮೇಲೆ ಕೆಲಸದ ಕ್ರಮ ಚೂರು ಬದಲಾದರೂ ಸಾಫ್ಟ್‌ವೇರಿನಲ್ಲೇ ಆಗಬೇಕು,” ಕಾರ್ಖಾನೆಗೆ ಅದು ಹೊಸದಾಗಿ ಬಂದಾಗ ಅಪ್ಪ ಹಿಗ್ಗಿನಿಂದ ಹೇಳಿದ್ದರು. “ಯಾರು ಕೇಳಿದ್ರು, ಯಾರು ಒಪ್ಪಿದ್ರು, ಎಲ್ಲಾ ಅದರಲ್ಲಿರುತ್ತೆ. ನಾ ಹೇಳೇ ಇಲ್ಲ ಅಂತ ಯಾರೂ ನುಣುಚಿಕೊಳ್ಳೋ ಹಾಗಿಲ್ಲ.”

ಯಂತ್ರ ತೊಳೆಯಲು ಇಬ್ಬರ ಬದಲು ಒಬ್ಬ ಸಾಕೆಂಬ ಕೋರಿಕೆ ಎರಡು ಸಲ ಬಂತು. ಎರಡು ಸಲವೂ ಅಪ್ಪ ಬೇಡವೆಂದರು. ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಕಾರಣವನ್ನೂ ಬರೆದರು.

“ಇಷ್ಟುದ್ದ ಯಾರಪ್ಪಾ ಓದ್ತಾರೆ?” ಮಗಳು ಕೇಳಿದ್ದಳು.

“ಓದದಿದ್ರೂ ಇರುತ್ತಲ್ಲೇ.”

*

“ಮೂರನೇ ಸಲ ಅದೇ ಕೋರಿಕೆ ಬಂದಾಗ ಅಪ್ಪ ಏನಂದ್ರು?” ಅಂಗಳದಲ್ಲಿ ಮಗಳು ಕೇಳಿದಳು.

“ಏನೂ ಅನ್ನಲಿಲ್ಲ,” ಎಂದರು ಮ್ಯಾನೇಜರು. “ಮೂರು ದಿನ ಉತ್ತರ ಬರದಿದ್ರೆ ಸಾಫ್ಟ್‌ವೇರು ಒಪ್ಪಿಗೆ ಅಂತ ತಗೊಳ್ಳುತ್ತೆ. ನಮ್ಮ ಕೈಯಲ್ಲಿ ಏನಿದೆ?”

“ಆ ಮೂರು ದಿನ ಬಾಯಲ್ಲಿ ಕೊಳವೆ ಇತ್ತು ಅವರಿಗೆ! ಹಣ್ಣು ಹಿಡ್ಕೊಂಡು ಆಸ್ಪತ್ರೆಗೆ ಬಂದು ಕಣ್ಣಾರೆ ನೋಡಿದ್ರಲ್ಲಾ? ಮೂರು ದಿನ ಅನ್ನೋ ನಿಯಮ ಹಾಕಿದ್ದು ಯಾರು? ಅದೂ ಸಾಫ್ಟ್‌ವೇರಾ?”

“ನಾಳೆ ಆಫೀಸಿಗೆ ಬಾಮ್ಮಾ, ಮಾತಾಡೋಣ.”

“ಇಲ್ಲೇ. ಫೋನಲ್ಲಿ ತೆಗೀರಿ. ಎಲ್ಲರಿಗೂ ಕೇಳೋ ಹಾಗೆ ಓದಿ.”

ಈ ಸಲ ಚಿಕ್ಕಪ್ಪನೂ ತಡೆಯಲಿಲ್ಲ. “ಓದಿ ಸ್ವಾಮಿ,” ಎಂದರು.

ಮ್ಯಾನೇಜರು ಕನ್ನಡಕ ಏರಿಸಿದರು. “ಮೊದಲನೇದು, ನಿರಾಕರಣೆ. ಕಾರಣ: ಕೈ ಒಳಗಿರುವಾಗ ಸ್ವಿಚ್ಚಿನ ಹತ್ತಿರ ಇನ್ನೊಬ್ಬ ನಿಂತಿರಲೇಬೇಕು. ಎರಡನೇದು, ನಿರಾಕರಣೆ. ಕಾರಣ ಅದೇ. ಮೂರನೇದು... ಉತ್ತರವಿಲ್ಲ. ಒಪ್ಪಿಗೆ.”

“ಕಳಿಸಿದವರು?”

“ಮ್ಯಾನೇಜರ್.”

“ದಿನ?”

ಅವರು ತಗ್ಗಿದ ದನಿಯಲ್ಲಿ ಓದಿದರು. ಆಸ್ಪತ್ರೆಗೆ ಬಂದುಹೋದ ಮರುದಿನದ ತಾರೀಕು ಅದು. ಪಿಸುಮಾತು ಗಪ್ಪೆಂದು ನಿಂತಿತು.

ಹೆಣ ಎತ್ತುವ ಹೊತ್ತಿಗೆ ಮ್ಯಾನೇಜರು ಹೆಗಲು ಕೊಡಲು ಮುಂದೆ ಬಂದರು. ಗೇಟಿನಾಚೆ ನಿಂತಿದ್ದ ಒಬ್ಬಾತ, ಜನರನ್ನು ಸರಿಸಿಕೊಂಡು ಬಂದು ಆ ಜಾಗದಲ್ಲಿ ನಿಂತ. ಬಟ್ಟೆ ಸುತ್ತಿದ ಕೈಯಲ್ಲಿ, ಉಳಿದಷ್ಟೇ ಬೆರಳುಗಳಿಂದ, ಚಟ್ಟದ ತುದಿ ಗಟ್ಟಿಯಾಗಿ ಹಿಡಿದು ಹೆಗಲಿಗೇರಿಸಿದ.