ಸೊಣ್ಣಮ್ಮನ ಕಷಾಯ

ತೊಂಬತ್ತೈದರ ಮಳೆಗಾಲ. ಬೊಮ್ಮಸಂದ್ರದ ಕಾರ್ಖಾನೆಗಳ ಹಿಂದಿನ ಊರಿನಲ್ಲಿ ಕುರಿಗಳು ಒಂದೊಂದಾಗಿ ಸೊರಗತೊಡಗಿದವು. ಎಷ್ಟು ಮೇಯ್ದರೂ ಮೈಗೆ ಹತ್ತದು. ಕೆಲವಕ್ಕೆ ದವಡೆಯ ಕೆಳಗೆ ಊತ. ರೆಪ್ಪೆ ಬಿಡಿಸಿದರೆ ಒಳಗೆ ಸುಣ್ಣದಂಥ ಬಿಳುಪು.

"ಒಟ್ಟೆ ಉಳ ಕಣಕ್ಕ," ಎಂದಳು ಸೊಣ್ಣಮ್ಮ, ಪಕ್ಕದ ಮನೆಯ ಸಿದ್ದಕ್ಕನಿಗೆ. "ಕಷಾಯ ಕಾಯಿಸ್ಕೊಡ್ತೀನಿ. ಗಿಡದ ಮದ್ದು ತಾನೆ, ಕೆಟ್ಟದ್ ಮಾಡಾಕಿಲ್ಲ."

ಅಜ್ಜಿ ಕುರಿಗೆ ಮದ್ದು ಕುಡಿಸುವುದನ್ನು ಸೊಣ್ಣಮ್ಮ ನೋಡಿದ್ದಳು, ಅಳತೆ ಕೇಳಿರಲಿಲ್ಲ. ಬೇವಿನ ಸೊಪ್ಪಿನ ಜೊತೆ ಒಂದು ಹಿಡಿ ಹೊಗೆಸೊಪ್ಪು ಹಾಕಿದಳು. ಹುಳ ಬೇಗ ಸಾಯಲಿ ಎಂದು ಇನ್ನೊಂದು ಹಿಡಿ.

ಸಿದ್ದಕ್ಕನ ಎರಡು ಗಬ್ಬದ ಕುರಿಗಳು ಅದನ್ನು ಕುಡಿದವು. ಸ್ವಲ್ಪ ಹೊತ್ತಿಗೇ ಜೊಲ್ಲು ಸುರಿಸಿ, ನಡುಗಿ, ಎರಡೂ ಸತ್ತವು.

"ಏನಾಯ್ತೇ ಸೊಣ್ಣಿ?" ಸಿದ್ದಕ್ಕ ಎದೆ ಬಡಿದುಕೊಂಡಳು.

ಸೊಣ್ಣಮ್ಮನ ಬಾಯಿಗೆ ಸುಳ್ಳೇ ಮೊದಲು ಬಂತು. "ಫ್ಯಾಕ್ಟ್ರಿ ಮೋರಿ ನೀರು ಕುಡಿದವ್ವೆ ಕಣಕ್ಕ."

ಮರುದಿನ ಸಿದ್ದಕ್ಕ ಕಾರ್ಖಾನೆಯ ಗೇಟಿನ ಮುಂದೆ ಕೂತು ಅತ್ತಳು. ಪಾಳಿ ಮುಗಿಸಿ ಬಂದವರು ಹುಚ್ಚಿಯನ್ನು ನೋಡುವಂತೆ ನೋಡಿದರು. ಪಕ್ಕದಲ್ಲಿ ನಿಂತ ಸೊಣ್ಣಮ್ಮ ತಲೆ ಎತ್ತಲಿಲ್ಲ.

ಮೂರನೆಯ ದಿನ ಪಶುವೈದ್ಯ ಭಾನುಪ್ರಕಾಶ್ ಊರಿಗೆ ಬಂದರು. ಸಿದ್ದಕ್ಕನ ಮನೆ ಮುಂದೆ ಸೊಣ್ಣಮ್ಮನೂ ಸೇರಿ ಅಕ್ಕಪಕ್ಕದವರೆಲ್ಲ ನೆರೆದರು. ಎದುರುಮನೆಯ ಅನುಸೂಯಮ್ಮ ಕೇಳಿದಳು: "ಮೊನ್ನೆ ಸೊಣ್ಣಮ್ಮ ಏಳಿದ್ ಕಷಾಯ ಒಲೆ ಮೇಲಿಟ್ಟು ಬಂದಿವ್ನಿ ಸಾರ್. ಕುಡಿಸ್ಲಾ?"

"ಬ್ಯಾಡ!" ಸೊಣ್ಣಮ್ಮ ಕೂಗಿಬಿಟ್ಟಳು. "ಚೆಲ್ಬಿಡು. ಸಿದ್ದಕ್ಕನ ಕುರಿ ಸತ್ತಿದ್ದು ಅದ್ರಾಗಿರೋ ಒಗೆಸೊಪ್ಪಿಂದ್ಲೇ. ಮೋರಿ ನೀರು ಅಂದಿದ್ದು ಸುಳ್ಳು."

ಸಿದ್ದಕ್ಕ ಅವಳನ್ನೇ ನೋಡಿದಳು. "ಗೇಟ್ ತಾವ ನನ್ ಪಕ್ಕದಾಗೇ ನಿಂತಿದ್ಯಲ್ಲೇ," ಎಂದಷ್ಟೇ ಹೇಳಿ ಒಳಗೆ ಹೋದಳು. ಸೊಣ್ಣಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಅಂಗಾದ್ರೆ ಗಿಡದ ಮದ್ದೆಲ್ಲಾ ದಂಡನಾ ಸಾರ್?" ಅನುಸೂಯಮ್ಮ ಕೇಳಿದಳು.

"ದಂಡ ಅಲ್ಲಮ್ಮ. ಆದ್ರೆ ಗಿಡದಲ್ಲೂ ವಿಷ ಇರುತ್ತೆ. ಹೊಗೆಸೊಪ್ಪು ಬೇಡವೇ ಬೇಡ. ಬೇವು, ಸುಬಾಬುಲ್ ಸೊಪ್ಪನ್ನ ಮೇವಿನ ಜೊತೆ ಸ್ವಲ್ಪ ಸ್ವಲ್ಪ ಕೊಡಿ. ಮುತ್ತುಗದ ಬೀಜ ಕೊಡೋದಾದ್ರೆ ಕುರಿ ತೂಕ ನೋಡಿ ನಾನು ಅಳತೆ ಹೇಳ್ತೀನಿ. ಗಬ್ಬದ ಕುರಿಗೆ ನನ್ನ ಕೇಳದೆ ಏನೂ ಕುಡಿಸ್ಬೇಡಿ."

"ಉಳ ಓಯ್ತೋ ಇಲ್ವೋ ಎಂಗ್ ಗೊತ್ತಾಯ್ತದೆ?"

"ಮೊದಲು ಹಿಕ್ಕೆನ ನಮ್ಮ ಆಸ್ಪತ್ರೆಗೆ ತಂದು ಪರೀಕ್ಷೆ ಮಾಡ್ಸಿ. ಎರಡು ವಾರ ಬಿಟ್ಟು ಮತ್ತೆ ತನ್ನಿ. ಹುಳದ ಮೊಟ್ಟೆ ಕಮ್ಮಿ ಆಗದಿದ್ರೆ ಔಷಧಿ ಕೊಡಲೇಬೇಕು. ದವಡೆ ಊದಿ, ಕಣ್ಣು ಬಿಳುಚಿದ ಕುರಿಗಂತೂ ಸೊಪ್ಪು ನಂಬಿ ಕೂರಬೇಡಿ, ಇವತ್ತೇ ಔಷಧಿ. ಇಬ್ಬನಿ ಆರೋವರೆಗೂ ಹಸಿ ಹುಲ್ಲಿಗೆ ಬಿಡಬೇಡಿ. ಹುಳದ ಮರಿ ಅಲ್ಲೇ ಇರೋದು."

ಸಂಜೆ ಸೊಣ್ಣಮ್ಮ ತನ್ನ ಒಳ್ಳೆಯ ಕುರಿಯೊಂದನ್ನು ಸಿದ್ದಕ್ಕನ ಬಾಗಿಲಲ್ಲಿ ಕಟ್ಟಿ ಬಂದಳು. ಸಿದ್ದಕ್ಕ ಹೊರಗೆ ಬರಲಿಲ್ಲ. ಒಂದು ವಾರ ಮಾತಿಲ್ಲ. ಎಂಟನೆಯ ದಿನ ಬೆಳಿಗ್ಗೆ ಸಿದ್ದಕ್ಕನೇ ಬಂದು ನಿಂತಳು, ಕೈಯಲ್ಲಿ ಹಿಕ್ಕೆಯ ಪೊಟ್ಟಣ.

"ಆಸ್ಪತ್ರೆಗೆ ಓಯ್ತಾ ಇವ್ನಿ. ನಿನ್ ಕುರಿದೂ ಕೊಡು."

ಸೊಣ್ಣಮ್ಮನಿಗೆ ಅವಳ ಮುಖ ನೋಡಲಾಗಲಿಲ್ಲ. "ನಾನೂ ಬರ್ಲಾ ಅಕ್ಕ?"

"ಬಾ."

ಕುರಿ ಸಾಕುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೆ ಗೊತ್ತಿರುವ ಗಿಡಮದ್ದನ್ನು ಮೊದಲು ಪಶುವೈದ್ಯರಿಗೆ ಹೇಳಿ, ಹಿಕ್ಕೆ ಪರೀಕ್ಷೆ ಮಾಡಿಸಿ, ಅಳತೆ ತಿಳಿದೇ ಕೊಡಿ. ತಪ್ಪಾಗಿದ್ದರೆ ನಾಚಿಕೆಗೆ ಅಂಜಿ ಬಚ್ಚಿಡಬೇಡಿ. ಪಕ್ಕದ ಮನೆಯವರು ಅದನ್ನೇ ಕುಡಿಸುವ ಮೊದಲು ಹೇಳಿಬಿಡಿ.