ನೀಲಗಂಗಾ ‘ಹೋಗ್ತೀನಿ’ ಅನ್ನಲಿಲ್ಲ

ನಮ್ಮ ಬೆಟಗೇರಿ ಓಣ್ಯಾಗ ಫ್ರೆಂಚ್ ಬರೂದು ಒಬ್ಬರಿಗೇ, ದತ್ತಾತ್ರಿ ಮಾಸ್ತರಿಗೆ. ಪಾಂಡಿಚೇರ್ಯಾಗ ನೌಕರಿ ಮಾಡಿ ಬಂದವ್ರು. ಸಿಟ್ಟು ಮೂಗಿನ ತುದಿ ಮ್ಯಾಲೆ. ನನ್ನ ಮಗಳು ನೀಲಗಂಗಾ ನರ್ಸ್ ಕಲ್ತು ಮನ್ಯಾಗ ಕುಂತಿದ್ಲು. ಪಾಂಡಿಚೇರಿ ದವಾಖಾನಿಗೆ ನರ್ಸ್ ಬೇಕಾಗ್ಯಾರಂತ, ಅಲ್ಲಿನ ಸಿಸ್ಟರ್ ಒಬ್ಬಾಕಿ ಗದಗಿಗೆ ಬಂದು ಫ್ರೆಂಚಿನ್ಯಾಗ ಮಾತಾಡಿಸಿ ಆರಿಸ್ತಾಳಂತ ಖಬರ ಬಂತು. ಈ ನೌಕರಿ ತಪ್ಪಿದ್ರ ಅವರಪ್ಪ ಶಿರಹಟ್ಟಿ ವರಕ್ಕ ಹೂಂ ಅನ್ನಾಂವ. ಎರಡನೇ ಸಂಬಂಧದ ವರ, ಮೀಸಿಗೆ ಕರೀ ಬಣ್ಣ ಹಚ್ಚಾಂವ! ನಾ ಹೋಗಿ ಮಾಸ್ತರ ಕಾಲಿಗೆ ಬಿದ್ದೆ.

ಮಾಸ್ತರು ಕಲಿಸಾಕ ಹತ್ತಿದ್ರು. ಮೊದಲಿಗೇ ‘ಹೋಗು’ ಅನ್ನೂ ಮಾತು. ನಾ ಹೋಗ್ತೀನಿ ಅಂದ್ರ ‘ಜು ವೆ’, ನಾವು ಹೋಗ್ತೀವಿ ಅಂದ್ರ ‘ಅಲೋಂ’, ನಾಳೆ ಹೋಗ್ತೀನಿ ಅಂದ್ರ ‘ಇರೆ’! ಏನ್ ಭಾಷಾನೋ ಮಾರಾಯಾ, ಒಂದ ತಾಯಿ ಮಕ್ಕಳಂತ ಯಾರರ ಅಂದಾರೇನು? ನೀಲಾ ಎಲ್ಲಾ ಬಾಯಿಪಾಠ ಮಾಡಿದ್ಲು. ಆದ್ರ ಪಾಠ ಮುಗಿಸಿ ಏಳೂಮುಂದ ಮಾತ್ರ ‘ಜು ರವ್ಯಾಂ’ ಅಂತಿದ್ಲು. ತಿರುಗಿ ಬರ್ತೀನಿ ಅಂತ ಅದರ ಅರ್ಥ.

“ಹೋಗ್ತೀನಿ ಅನ್ನಲಿಕ್ಕೆ ನಿನ್ನ ಬಾಯಿ ಸವೀತದೇನು? ‘ಜು ವೆ’ ಅನ್ನು!”

“ನಮ್ಮನ್ಯಾಗ ಹೊಸ್ತಿಲಾ ದಾಟೂಮುಂದ ಹಂಗ ಅನ್ನಂಗಿಲ್ರಿ ಸರ್. ಬರ್ತೀನಿ ಅಂತೀವ್ರಿ.”

“ನಿಮ್ಮ ಹೊಸ್ತಿಲಾ ಫ್ರೆಂಚರಿಗೆ ಯಾವ ಲೆಕ್ಕ?” ಅಂತ ಮಾಸ್ತರು ಪುಸ್ತಕ ಬಡದ್ರು. ಹಂಗ ಅನ್ನಬಾರದಂತ ಆಕಿಗೆ ಕಲಿಸಿದಾಕಿ ನಾನ.

ಆರಿಸೂ ದಿನ ಸಿಸ್ಟರ್ ಒಂದು ಶಾಲಿ ಕೋಣ್ಯಾಗ ಕುಂತಿದ್ಲು. ಮಾಸ್ತರು, ನಾನು ಬಾಗಲದಾಗ. ಎಲ್ಲಾ ಸರಳ ನಡೀತು. ಕಡೀಗೆ ಸಿಸ್ಟರ್ ಏನೋ ಕೇಳಿದ್ಲು. ಮಾಸ್ತರು ನನ್ನ ಕಿವ್ಯಾಗ ಹೇಳಿದ್ರು: “ರೋಗಿ ಅಂಜ್ಯಾನ, ನಿನ್ನ ಕೈ ಬಿಡವಲ್ಲ. ನೀ ಡಾಕ್ಟರನ್ನ ಕರೀಲಿಕ್ಕೆ ಹೋಗಬೇಕು. ಅವಗ ಏನು ಹೇಳ್ತಿ ಅಂತ ಕೇಳ್ಯಾಳ. ಹೋಗ್ತೀನಿ ಅಂದ್ರ ಮುಗೀತು.”

ನೀಲಾ ಬಾಯಿ ತಗದ್ಲು, ಮುಚ್ಚಿದ್ಲು. ಆಮ್ಯಾಲೆ “ಜು ರವ್ಯಾಂ” ಅಂದ್ಲು.

ಮಾಸ್ತರು ಹಣಿ ಹಣಿ ಬಡಕೊಂಡ್ರು. ನನ್ನ ಕಣ್ಣ ಮುಂದ ಆ ಕರೀ ಮೀಸಿ ಬಂತು. ಸಿಸ್ಟರ್ ಯಾಕಂತ ಕೇಳಿದ್ಲು. ನೀಲಾ ಹರಕು ಮುರಕು ಫ್ರೆಂಚಿನ್ಯಾಗ ಹೇಳಿದ್ದನ್ನ ಮಾಸ್ತರು ನನಗ ತಿಳಿಸಿದ್ರು: “ಹಾಸಿಗಿ ಹಿಡಿದವರ ಮುಂದ ನಮ್ಮ ಮಂದಿ ಹೋಗ್ತೀನಿ ಅನ್ನಂಗಿಲ್ಲ. ಬರ್ತೀನಿ ಅಂದ್ರ ಅವರು ಜೀವಾ ಹಿಡಕೊಂಡು ಹಾದಿ ನೋಡ್ತಾರ.”

ಸಿಸ್ಟರ್ ಪೆನ್ನು ಕೆಳಗಿಟ್ಟು ನನ್ನ ಮಗಳ ಕೈ ಹಿಡಕೊಂಡ್ಲು. ನೌಕರಿ ಆತು! ನಾ ಅಲ್ಲೇ ಗಳಗಳ ಅತ್ತಬಿಟ್ಟೆ.

ಗದಗ ಟೇಶನ್ನಿಗೆ ಕಳಿಸಾಕ ಹೋಗಿದ್ವಿ. ಗಾಡಿ ಸೀಟಿ ಹೊಡೀತು. ನೀಲಾ ಕಿಡಕಿಯಿಂದ ಬಗ್ಗಿ ನಕ್ಕೋಂತ, “ಸರ್, ಇವತ್ತರ ನೀವು ಹೇಳಿಕೊಟ್ಟಂಗ ಅಂತೀನ್ರಿ. ಜು...” ಅಂದ್ಲು.

“ಬಾಯಿ ಮುಚ್ಚು ಹುಡುಗಿ!” ಅಂತ ಮಾಸ್ತರು ಒದರಿದ್ದಕ್ಕ ಟೇಶನ್ ಮಂದಿಯೆಲ್ಲಾ ತಿರುಗಿ ನೋಡಿದ್ರು. ಧೋತರ ಎತ್ತಿ ಹಿಡಕೊಂಡು, ಗಾಡಿ ಜೋಡಿ ಓಡ್ಕೋಂತ, “ಬರ್ತೀನಿ ಅನ್ನವಾ, ಬರ್ತೀನಿ ಅನ್ನು!” ಅಂದ್ರು.