ನೆರಳಿನಲ್ಲಿದ್ದ ಪೆಟ್ಟಿಗೆ

ಬಿಳಿಚೋಡಿನಲ್ಲಿ ಪುಷ್ಪಾಳ ಅಕ್ಕನ ಮನೆಯಲ್ಲಿ ಊಟ ಮುಗಿದು ಎಲ್ಲರೂ ಪಡಸಾಲೆಗೆ ಬಂದಾಗ ಎರಡೂವರೆ. ನಾಲ್ಕಕ್ಕೆ ಕರ್ನಲ್ ಸಾಹೇಬರ ಫೋನು ಬರುವುದಿತ್ತು. ಅದೊಂದು ಬಂದು ಹೋದರೆ ಪುಷ್ಪಾಳ ಗಂಡ, ಸುಬೇದಾರ್ ಓಬಳೇಶನ ಕೆಲಸ ಮುಗಿದಂತೆ.

ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಇಷ್ಟು ದೊಡ್ಡ ಕೆಲಸ ಅವನ ಪಾಲಿಗೆ ಬಂದಿರಲಿಲ್ಲ. ಕೆಲವು ಪಡೆಗಳಿಗೆ ಹೊಸ ರೈಫಲ್ ಕೊಡುವುದಿತ್ತು. ಅದು ದೊಡ್ಡ ಗುಂಡಿನದಾಗಬೇಕೋ ಸಣ್ಣ ಗುಂಡಿನದೋ ಎಂದು ತೀರ್ಮಾನಿಸಲು ಮೇ ತಿಂಗಳಲ್ಲಿ ಮರಳುಗಾಡಿನ ಕಡೆ ಮೂರು ದಿನ ಪರೀಕ್ಷೆ ನಡೆದಿತ್ತು. ಗುಂಡುಗಳ ಉಸ್ತುವಾರಿ ಓಬಳೇಶನದು. ಸಣ್ಣ ಗುಂಡು ಗುರಿಯ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದಿತ್ತು, ಅದರ ಖಾಲಿ ತೋಟೆಗಳು ಹೊರಗೆ ಬೀಳದೆ ಬಂದೂಕಿನಲ್ಲೇ ಸಿಕ್ಕಿಕೊಂಡಿದ್ದವು. ದೊಡ್ಡದು ಗೆದ್ದಿತ್ತು. ಸಂಜೆ ವರದಿ ದೆಹಲಿಗೆ ಹೋಗುತ್ತದೆ. ಅದಕ್ಕೆ ಮೊದಲು ಕರ್ನಲ್ ಕೊನೆಯ ಸಲ ಏನಾದರೂ ಬದಲು ಇದೆಯೇ ಎಂದು ಕೇಳುತ್ತಾರೆ, ಇವನು ಇಲ್ಲ ಅನ್ನುತ್ತಾನೆ.

ದೊಡ್ಡದು ಗೆದ್ದದ್ದು ಪುಷ್ಪಾಳಿಗೆ ಒಳಗೊಳಗೇ ಸಮಾಧಾನ ತಂದಿತ್ತು. ಹೊಸ ರೈಫಲ್ ಮೊದಲು ಹೋಗುವುದೇ ಮಗ ಪ್ರವೀಣ್ ಕುಮಾರನ ಪಡೆಗೆ. ಅವನಿರುವುದು ಹಿಮದ ಬೆಟ್ಟದ ಮೇಲಿನ ಒಂದು ಕಾವಲು ಠಾಣೆಯಲ್ಲಿ. ಮೂರು ವರ್ಷದ ಹಿಂದೆ ಸಾಸ್ವೆಹಳ್ಳಿಗೆ ಹೋಗಿ, ಗಡಿಯಲ್ಲಿ ಗಂಡನನ್ನು ಕಳೆದುಕೊಂಡಿದ್ದ ಶೈಲಾಳನ್ನು ಮಾತಾಡಿಸಿ ಬಂದದ್ದು ಪುಷ್ಪಾ ಮರೆತಿರಲಿಲ್ಲ. ಶೈಲಾಳ ಗಂಡ ಎರಡು ಸಣ್ಣ ಗುಂಡು ಹೊಡೆದರೂ ಎದುರಿನವನು ಬೀಳದೆ ಮುಂದೆ ಬಂದನಂತೆ. ಆ ಮಾತನ್ನು ಶೈಲಾ ಅಳದೆ, ಗೋಡೆ ನೋಡುತ್ತ ಹೇಳಿದ್ದಳು. ಅಂದಿನಿಂದ ಪುಷ್ಪಾಳಿಗೆ ಮಗನ ಕೈಯಲ್ಲಿ ದೊಡ್ಡದೇ ಇರಲಿ ಎಂಬ ಆಸೆ.

"ಆಗಸ್ಟ್ ಹದಿನೈದಕ್ಕೆ ನೀನು ಗೌರವ ಲೆಫ್ಟಿನೆಂಟ್ ಆಗೋದು ಗ್ಯಾರಂಟಿ ಬಿಡು," ಎಂದ ಭಾವ ಆಂಜನೇಯ, ಗೋಡೆಗೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತ. "ಜಗಳೂರಾಗೆ ಬೋರ್ಡ್ ಬರೆಸಾಕೆ ಹೇಳೀನಿ."

"ಇನ್ನೂ ಆಗಿಲ್ಲಣ್ಣ."

"ಆಗೇ ಆಗ್ತೈತೆ. ಅಷ್ಟು ಬಿಸಿಲಾಗೆ ಮೂರು ದಿನ ನಿಂತಿದ್ದಕ್ಕಾದ್ರೂ ಕೊಡ್ಬೇಕು. ನಿಂತಿದ್ದೆ ತಾನೆ? ಇಲ್ಲಾ ಹುಡುಗರ ಕೈಲಿ ಛತ್ರಿ ಹಿಡಿಸ್ಕೊಂಡಿದ್ದೆಯೋ?"

ಓಬಳೇಶ ನಕ್ಕ. "ಛತ್ರಿ ಯಾರು ಕೊಡ್ತಾರೆ? ಒಂದು ಜಾಲಿ ಮರ ಇತ್ತು. ಅದ್ರ ನೆರಳಾಗೆ ದೊಡ್ಡ ಗುಂಡಿನ ಪೆಟ್ಟಿಗೆ ಇಳಿಸ್ಕೊಂಡು ಮೇಲೆ ಕುಂತಿದ್ದೆ. ನಾವು ಹಳಬ್ರು ಎಲ್ಲಿ ಹೋದ್ರೂ ಅದ್ರ ಮೇಲೇ ಕುಂದ್ರೋದು. ಸಣ್ಣ ಗುಂಡಿನ ಪೆಟ್ಟಿಗೆ ಹಗುರ, ಕುಂತ್ರೆ ಅಲ್ಲಾಡ್ತೈತೆ."

"ಹಂಗಾರೆ ಆ ಸಣ್ಣವು?" ಎಂದಳು ಅಕ್ಕ ಕೆಂಪಕ್ಕ, ಮೊರದಲ್ಲಿ ಶೇಂಗಾ ಸುಲಿಯುತ್ತ.

"ಲಾರಿನಾಗೇ ಇದ್ವು. ಬೇಕಾದಾಗ ಒಂದೊಂದು ತರಿಸ್ಕೊಂತಿದ್ದೆ."

ಜೊತೆಗೆ ಸುಲಿಯುತ್ತಿದ್ದ ಪುಷ್ಪಾಳ ಕೈ ಶೇಂಗಾದ ಮೇಲೆ ನಿಂತಿತು.

ಬಟಾಲಿಯನ್ನಿನ ಕ್ವಾರ್ಟರ್ಸಿನಲ್ಲಿ ಇದ್ದ ವರ್ಷಗಳಲ್ಲಿ ಓಬಳೇಶ ಹೊಸ ಹುಡುಗರಿಗೆ ಪಾಠ ಮಾಡುವ ಮೊದಲು ಅವಳಿಗೆ ಮಾಡುತ್ತಿದ್ದ. ಅವಳು ರೊಟ್ಟಿ ತಟ್ಟುತ್ತಿದ್ದರೆ ಇವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಕನ್ನಡದಲ್ಲಿ, ಒಮ್ಮೆ ಹಿಂದಿಯಲ್ಲಿ ಒಪ್ಪಿಸುತ್ತಿದ್ದ. ಹೀಗೆ ಅವಳಿಗೆ ಎಷ್ಟೋ ಪಾಠ ಬಾಯಿಪಾಠ. ಬಿಸಿಲಲ್ಲಿ ಬಿಟ್ಟ ಗುಂಡಿನ ಒಳಗಿನ ಮದ್ದು ಜೋರಾಗಿ ಉರಿಯುತ್ತದೆ. ಗುಂಡು ಗುರಿಗಿಂತ ಮೇಲಕ್ಕೆ ಹೋಗುತ್ತದೆ, ಒಂದು ಬಿದ್ದ ಕಡೆ ಇನ್ನೊಂದು ಬೀಳುವುದಿಲ್ಲ. ತೋಟೆ ಉಬ್ಬಿ ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ಎರಡು ಗುಂಡನ್ನು ಹೋಲಿಸುವಾಗ ಎರಡನ್ನೂ ಒಂದೇ ನೆರಳಲ್ಲಿ ಇಡಬೇಕು.

ಮೇ ತಿಂಗಳ ಬಿಸಿಲು. ಕಬ್ಬಿಣದ ಲಾರಿ. ಮೂರು ದಿನ.

ಅವಳು ಗಂಡನ ಮುಖ ನೋಡಿದಳು. ಅವನು ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ತಾನು ಹೇಳಿದ್ದು ಏನೆಂದು ಅವನಿಗೇ ಹೊಳೆದಿರಲಿಲ್ಲ.

ನೀರು ಕುಡಿಯುವ ನೆಪದಲ್ಲಿ ಅವಳು ಒಳಗೆ ಹೋದಳು. ಮೂರಕ್ಕೆ ಹತ್ತು ನಿಮಿಷ. ಸುಮ್ಮನಿದ್ದರೆ ಎಲ್ಲ ತಾನೇ ಆಗಿಹೋಗುತ್ತದೆ. ಗಂಡ ಲೆಫ್ಟಿನೆಂಟ್ ಅನ್ನಿಸಿಕೊಂಡು ನಿವೃತ್ತನಾಗುತ್ತಾನೆ. ಮಗನ ಕೈಗೆ ದೊಡ್ಡದೇ ಬರುತ್ತದೆ. ಅವಳು ಬಯಸಿದ್ದೂ ಅದೇ ಅಲ್ಲವೇ? ಆದರೆ ಕಳೆದ ರಜೆಯಲ್ಲಿ ಪ್ರವೀಣ ಹೇಳಿದ ಮಾತು ಅಡ್ಡ ಬಂತು. "ಮ್ಯಾಲೆ ಉಸಿರೇ ಸಿಗಲ್ಲಮ್ಮ. ದೊಡ್ಡದು ಒಂದು ಹೊರೋ ತೂಕದಾಗೆ ಸಣ್ಣದು ಎರಡು ಹೊರಬೌದು. ಗುಂಡು ಖಾಲಿ ಆದ್ಮೇಲೆ ಅದು ಎಷ್ಟು ದೊಡ್ಡದಿದ್ರೆ ಏನು?" ಆಗ ಅವಳು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಸುಮ್ಮನಿರಿಸಿದ್ದಳು.

ಶೈಲಾ ಹೇಳಿದ ಮಾತು ನಿಜ. ಪ್ರವೀಣನದೂ ನಿಜ. ಎರಡರಲ್ಲಿ ಯಾವುದು ಹೆಚ್ಚು ನಿಜ ಎಂದು ತಿಳಿಯುವುದಕ್ಕೇ ಆ ಪರೀಕ್ಷೆ ಇತ್ತು. ಲೋಟ ತುಂಬಿ ನೀರು ಕೈಮೇಲೆ ಹರಿದಾಗಲೇ ಅವಳಿಗೆ ಎಚ್ಚರವಾದದ್ದು.

ಹಿತ್ತಲಿಗೆ ಹೋಗಿ ಗಂಡನನ್ನು ಕೂಗಿದಳು. ಬಂದವನಿಗೆ ಸುತ್ತು ಬಳಸದೆ ಕೇಳಿದಳು. "ಲಾರಿಗೆ ತಾಡಪಾಲು ಇತ್ತೇನ್ರಿ?"

"ಯಾವ ಲಾರಿಗೆ?"

"ಸಣ್ಣ ಗುಂಡು ಇಟ್ಟಿದ್ರಲ್ಲ, ಅದಕ್ಕೆ."

"ಇಲ್ಲ. ಯಾಕೆ?" ಎಂದವನು ಅಲ್ಲೇ ನಿಂತುಬಿಟ್ಟ. ತಾನು ಮಾಡಿದ ತಪ್ಪು ಅವನಿಗೆ ನಿಧಾನವಾಗಿ ಹೊಳೆಯಿತು. ಅವಳು ಮತ್ತೇನೂ ಹೇಳಬೇಕಾಗಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅವನು ಎರಡೂ ಕೈಯಿಂದ ಮುಖ ಉಜ್ಜಿಕೊಂಡ.

"ತಂಪಿದ್ದಿದ್ರೂ ಸಣ್ಣದು ಸೋಲ್ತಿತ್ತು," ಎಂದ.

"ಸೋಲ್ತಿತ್ತೇನೋ."

"ನಿಂಗೂ ದೊಡ್ಡದೇ ಬೇಕಿತ್ತಲ್ಲ."

"ಈಗ್ಲೂ ಬೇಕು."

"ಮತ್ತೆ ಸುಮ್ಕಿರು. ನಂಗೆ ಉಳಿದಿರೋದು ಮೂರು ತಿಂಗಳು, ಪುಷ್ಪಾ. ಹೊಸದಾಗಿ ಸೇರಿದ ಹುಡುಗನೂ ಮಾಡದಿರೋ ತಪ್ಪು ಇದು. ಇಪ್ಪತ್ತು ವರ್ಷ ಇದನ್ನೇ ಕಲಿಸಿದವನು ಹಿಂಗೆ ಮಾಡಿದ ಅಂದ್ರೆ ಯಾರ ಮುಂದೆ ತಲೆ ಎತ್ತಲಿ?"

ಇಷ್ಟು ವರ್ಷ ಅವನು ಸುಮ್ಮನಿರು ಅಂದಾಗ ಅವಳು ಸುಮ್ಮನಿದ್ದಳು. ಅವನ ವರ್ಗ, ಅವನ ರಜೆ, ಅವನ ಮೌನ, ಎಲ್ಲಕ್ಕೂ ತನ್ನನ್ನು ಮಡಚಿಕೊಂಡಿದ್ದಳು. ಈಗ ಮಡಚಿಕೊಳ್ಳಲು ನೋಡಿದಳು, ಆಗಲಿಲ್ಲ.

"ಯಾವುದು ಒಳ್ಳೇದು ಅಂತ ನಂಗೆ ಗೊತ್ತಿಲ್ಲ," ಎಂದಳು. "ನಿಮಗೂ ಗೊತ್ತಿಲ್ಲ. ಗೊತ್ತೈತೆ ಅಂತ ಬರೆದು ಕಳಿಸ್ತಾ ಇದೀರಿ. ಆ ಬಂದೂಕು ಹೊರೋನು ನಮ್ಮ ಹುಡುಗ ಒಬ್ಬನೇ ಅಲ್ಲ."

ಒಳಗಿನಿಂದ ಆಂಜನೇಯ, "ಗಂಡ ಹೆಂಡ್ತಿ ಮಾತು ಮುಗೀತೋ, ಚಾ ಅಲ್ಲಿಗೇ ಕಳಿಸ್ಲೋ?" ಎಂದು ಕೂಗಿದ. ಮೂರೂವರೆ ಆಯಿತು. ಮೂರೂ ಮುಕ್ಕಾಲಾಯಿತು. ಅವನು ಕಲ್ಲಿನಿಂದ ಏಳಲಿಲ್ಲ, ಅವಳೂ ಅಲ್ಲಿಂದ ಕದಲಲಿಲ್ಲ.

ಫೋನು ಐದು ನಿಮಿಷ ಮೊದಲೇ ಬಂತು. ಅವನು ಎದ್ದು ನಿಂತು ಅಂಗಿ ಎಳೆದುಕೊಂಡು ಕಿವಿಗೆ ಹಿಡಿದ. "ಜೈ ಹಿಂದ್ ಸಾಬ್." ಆಮೇಲೆ ಆ ಕಡೆಯ ಮಾತು. ಆಮೇಲೆ ಇವನ ಮೌನ. ಅದು ಎಷ್ಟು ಉದ್ದವಾಯಿತೆಂದರೆ ಪುಷ್ಪಾ ಕಣ್ಣು ಮುಚ್ಚಿಕೊಂಡಳು. ಇನ್ನೇನು "ಕುಛ್ ನಹೀಂ ಸಾಬ್", ಏನೂ ಬದಲಿಲ್ಲ, ಅನ್ನುತ್ತಾನೆ ಎಂದುಕೊಂಡಳು. ಹಾಗೆ ಅಂದರೆ ಅಂದುಬಿಡಲಿ ಎಂದೂ ಒಂದು ಕ್ಷಣ ಅನಿಸಿತು.

"ಏಕ್ ಗಲ್ತಿ ಹುಯೀ ಹೈ, ಸಾಬ್," ಎಂದ ಓಬಳೇಶ.

ಆದ ತಪ್ಪನ್ನು ಅವನು ಹಿಂದಿಯಲ್ಲಿ ಪೂರ್ತಿ ಹೇಳಿದ. ಲಾರಿ, ಜಾಲಿ ಮರ, ಪೆಟ್ಟಿಗೆ. ಅದನ್ನು ಬೇರೆ ಯಾರ ಮೇಲೂ ಹಾಕಲಿಲ್ಲ. ಕೊನೆಯಲ್ಲಿ ಬರೀ "ಜೀ ಸಾಬ್" ಎಂದು ನಾಲ್ಕೈದು ಸಲ ಅಂದ.

"ಏನಂದ್ರು?"

"ವರದಿ ತಡೆ ಹಿಡೀತಾರಂತೆ. ಮತ್ತೆ ಮೊದಲಿಂದ ಮಾಡ್ತಾರೆ. ಗುಂಡಿನ ಉಸ್ತುವಾರಿ ಬೇರೆಯವರಿಗೆ." ಅವನು ಫೋನು ಜೇಬಿಗಿಟ್ಟ. "ಏನಾಯ್ತು ಅಂತ ಈಗ್ಲೇ ಬರೆದು ಫೋಟೋ ಹೊಡೆದು ಕಳಿಸ್ಬೇಕು."

ಕೆಂಪಕ್ಕನ ಮೊಮ್ಮಗಳ ನೋಟ್‌ಬುಕ್ಕಿನಿಂದ ಪುಷ್ಪಾ ಒಂದು ಹಾಳೆ ಹರಿದು ತಂದಳು. ಅವನು ಪಡಸಾಲೆಯ ಕಂಬಕ್ಕೆ ಒರಗಿ, ತೊಡೆಯ ಮೇಲೆ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದ. ಆಂಜನೇಯ ಏನೋ ಕೇಳಲು ಬಾಯಿ ತೆರೆದ. ಕೆಂಪಕ್ಕ ಅವನ ಕಡೆ ನೋಡಿದ ನೋಟಕ್ಕೆ ಮತ್ತೆ ಮುಚ್ಚಿದ.

ಬರೆದಾದ ಮೇಲೆ ಓಬಳೇಶ ಹಾಳೆಯನ್ನು ಹೆಂಡತಿಗೆ ಕೊಟ್ಟ. ಅವಳು ಪಿಯುಸಿವರೆಗೆ ಓದಿದವಳು, ಬೆರಳಿಟ್ಟು ನಿಧಾನವಾಗಿ ಓದಿದಳು. ಕೊನೆಯ ಸಾಲಿನಲ್ಲಿ, ಈ ತಪ್ಪನ್ನು ಮೊದಲು ಗುರುತಿಸಿದ್ದು ನನ್ನ ಹೆಂಡತಿ ಶ್ರೀಮತಿ ಪುಷ್ಪಾ, ಎಂದಿತ್ತು.

ನಾಳೆ ಸಣ್ಣದೇ ಗೆದ್ದರೆ? ಪ್ರವೀಣ ಅದನ್ನೇ ಹಿಡಿದು ನಿಂತಿದ್ದಾಗ, ಎದುರಿನವನು ಬೀಳದೇ ಬಂದರೆ?

"ನನ್ನ ಹೆಸರು ಯಾಕೆ ಹಾಕಿದ್ರಿ?"

"ನಡೆದಿದ್ದು ಬರೀರಿ ಅಂದ್ರು. ನಡೆದಿದ್ದು ಅದೇ." ಅವನು ಪೆನ್ನು ಮುಂದೆ ಚಾಚಿದ. "ಬ್ಯಾಡ ಅಂದ್ರೆ ಹೊಡೆದು ಹಾಕು."

ಪುಷ್ಪಾ ಪೆನ್ನು ತೆಗೆದುಕೊಂಡಳು. ಆ ಸಾಲನ್ನು ಇನ್ನೊಮ್ಮೆ ಓದಿದಳು, ಮತ್ತೊಮ್ಮೆ ಓದಿದಳು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ ಹಾಳೆಯನ್ನು ಅವನ ಕೈಗೆ ಕೊಟ್ಟು, "ಇರ್ಲಿ, ಕಳಿಸ್ರಿ," ಎಂದಳು.